ಟಿ.ಸಿ.ಯಲ್ಲಿದ್ದ ‘ಕಾಂಡಕ್ಟ್’

ಮೊಮ್ಮಗಳು ಶಾಲೆ ಮುಗಿಸಿ ಇವತ್ತು ಟಿ.ಸಿ. ತಂದಳು. ಮುಂದೆ ನೋಯ್ಡಾದ ಕಾಲೇಜು ಸೇರುವ ಆಸೆ ಅವಳದು. ‘ಕಾಂಡಕ್ಟ್: ಗುಡ್’ ಎಂದಿತ್ತು. ನನ್ನ ನಾಲ್ಕನೇ ಕ್ಲಾಸಿನ ಟಿ.ಸಿ.ಯಲ್ಲೂ ಇವೇ ಎರಡು ಪದಗಳಿದ್ದವು.

“ನಮ್ಮ ‘ನಡತೆ’ ಅನ್ನೋ ಮಾತು ನಡೆಯೋದ್ರಿಂದ ಬಂತು. ಇಂಗ್ಲಿಷಿನವರ ಈ ‘ಕಾಂಡಕ್ಟ್’ ಎಲ್ಲಿಂದ ಬಂತೇ?” ಎಂದೆ.

ಅವಳು ಫೋನು ನೋಡಿದಳು. “ಅಚ್ಛಾ, ಕೇಳಿ ಅಜ್ಜಿ. ತುಂಬಾ ಹಿಂದೆ, ಯಾರನ್ನಾದ್ರೂ ದಾರೀಲಿ ಸೇಫಾಗಿ ಕರ್ಕೊಂಡು ಹೋಗೋದಕ್ಕೆ ‘ಕಾಂಡಕ್ಟ್’ ಅಂತಿದ್ರಂತೆ. ನಡತೆ ಅನ್ನೋ ಅರ್ಥ ಆಮೇಲೆ ಬಂದಿದ್ದು.”

ನಮ್ಮ ಶಾಲೆ ಪಕ್ಕದ ಊರಿನಲ್ಲಿತ್ತು. ಸೋದರತ್ತೆ ಎಲೆಅಡಿಕೆ ಜಗಿಯುತ್ತ, ಕಬ್ಬಿನ ಗದ್ದೆಯ ಬದುವಿಗೆ ಕೋಲು ಬಡಿಯುತ್ತ, ದಾರಿಯುದ್ದಕ್ಕೂ ನನ್ನನ್ನು ಬೈಯುತ್ತ ಬಿಟ್ಟುಬರುತ್ತಿದ್ದಳು. ಅವಳ ಮಂಡಿ ಊದಿಕೊಂಡ ವರ್ಷ, ಜೊತೆಗೆ ಬರುವವರಿಲ್ಲದೆ ನನ್ನ ಓದು ನಿಂತಿತು. “ನಡತೆ ಒಳ್ಳೇದು ಅಂತ ಮೇಷ್ಟ್ರೇ ಬರ್ದವ್ರೆ. ಹೆಣ್ಣಿಗೆ ಇನ್ನೇನು ಬೇಕು” ಎಂದು ಅಪ್ಪ ಟಿ.ಸಿ.ಯನ್ನು ಮಡಚಿ ಪೆಟ್ಟಿಗೆಗೆ ಹಾಕಿದ್ದರು.

ಸೋಫಾದ ಮೇಲಿದ್ದ ಮಗ, “ನಮ್ಮ ಜನಕಪುರಿಯಿಂದ ಅಷ್ಟು ದೂರ ನೋಯ್ಡಾಗೆ ದಿನಾ ಒಬ್ಬಳೇ ಹೋಗೋದು ಬೇಡಮ್ಮ. ಇಲ್ಲೇ ಎಲ್ಲಾದ್ರೂ ಸೇರಲಿ” ಎಂದ.

“ಮೊದಲ ವಾರ ಮೆಟ್ರೊದಲ್ಲಿ ನಾನು ಜೊತೆಗೆ ಹೋಗ್ತೀನಿ ಕಣೋ. ಅಷ್ಟರಲ್ಲಿ ಅವಳಿಗೆ ದಾರಿ ಗೊತ್ತಾಗುತ್ತೆ, ನಿನಗೆ ಧೈರ್ಯ ಬರುತ್ತೆ” ಎಂದೆ.