ಅಧ್ಯಾಯ ಮುಗಿಯೂತನಕ

ಸೊಲ್ಲಾಪುರದ ಆ ಓಣ್ಯಾಗ ಶಾಂತಲಿಂಗಪ್ಪನವರು ಪೋಥಿ ಓದಾಕ ಕುಂತ್ರಂದ್ರ ಮನಿಮಂದಿ ಅಷ್ಟ ಅಲ್ಲ, ಆಜೂಬಾಜೂದವರೂ ದನಿ ತಗ್ಗಿಸಬೇಕು. ಎಸ್‌ಟಿ ಬಸ್ ಡಿಪೋದಾಗ ಕ್ಲಾರ್ಕ್ ಆಗಿದ್ದಾಗ ಇವರ ಮಾತು ಯಾರೂ ಕೇಳಲಿಲ್ಲ, ರಿಟೈರ್ ಆದ ಮ್ಯಾಲೆ ಆ ಕಸರು ಇಲ್ಲೆ ತೀರಿಸಿಕೊಂಡ್ರು ಅಂದ್ರ ಪಾಪ ಬರತೈತಿ, ಆದ್ರ ಖರೇ ಹಂಗ ಇತ್ತು. ದಿನಾ ಮುಂಜಾನೆ ಜಳಕ, ಮಡಿ ಧೋತ್ರ, ಊದಿನಕಡ್ಡಿ, ಆಮ್ಯಾಲೆ ಗುರುಗಳ ಕಥಿ ಇರೂ ಪೋಥಿಯ ಒಂದು ಅಧ್ಯಾಯ. ಕಟ್ಟಿಗಿ ಮಣಿ ಮ್ಯಾಲೆ ಕುಂತ್ರ ಅಧ್ಯಾಯ ಮುಗಿಯೂತನಕ ಮಾತಾಡಂಗಿಲ್ಲ, ಏಳಂಗಿಲ್ಲ. ನಡುವ ಎದ್ರ ಪಾರಾಯಣ ಭಂಗ ಆಗತೈತಿ ಅನ್ನೂದು ತಮ್ಮೂರು ಕರಜಗಿಯೊಳಗ ಅವರಪ್ಪ ಹಾಕಿಕೊಟ್ಟ ನೇಮ. ಓದೂ ವೇಗ ಮಾತ್ರ ಕೇಳಬ್ಯಾಡ್ರಿ. ಇವತ್ತ ಏನು ಓದಿದ್ರಿ ಅಂತ ಯಾರರ ಕೇಳಿದ್ರ ಫಜೀತಿ ಆಗತಿತ್ತು, ಪುಣ್ಯಾಕ ಯಾರೂ ಕೇಳಿರಲಿಲ್ಲ.

ಶ್ರಾವಣದಾಗ ಒಂದಿನ ಗಟ್ಟಿ ದನೀಲೆ ಓದು ನಡದಿತ್ತು. ಬಚ್ಚಲದ ಕಡೆ ಧಪ್ ಅಂತು. ಹಿಂದs ಹೆಂಡತಿ ಛಾಯಾಬಾಯಿ ದನಿ: "ರೀ, ಇಲ್ಲೆ ಬರ್ರಿ."

ಶಾಂತಲಿಂಗಪ್ಪನವರಿಗೆ ಕೇಳಿಸ್ತು. ಸ್ವಚ್ಛ ಕೇಳಿಸ್ತು. ಇನ್ನ ಎರಡು ಪುಟ ಉಳದಾವ, ಕಾಲು ಜಾರಿರಬೇಕು, ತಾನ ಎದ್ದಾಳು ಅನಕೊಂಡ್ರು. ಓದು ಮುಗಿಸಿ, ಪೋಥಿಗೆ ಅರಿವಿ ಸುತ್ತಿ, ನಮಸ್ಕಾರ ಹಾಕಿ ಹೋಗಿ ನೋಡ್ತಾರ, ಛಾಯಾಬಾಯಿ ಹಸಿ ನೆಲದ ಮ್ಯಾಲೆ ಗ್ವಾಡಿಗೆ ಆತಕೊಂಡು ಕುಂತಾರ. ಬಲಗೈ ಮಣಿಕಟ್ಟು ಸೊಟ್ಟ ಆಗೈತಿ.

ಕೈಗೆ ಪ್ಲಾಸ್ಟರ್ ಬಿತ್ತು. ನೋಡಾಕ ಬಂದವರಿಗೆಲ್ಲಾ ಛಾಯಾಬಾಯಿ ಹೇಳೂದು ಒಂದ: "ಕರೆದೆ ಖರೇ, ಇವರಿಗೆ ಕೇಳಿಸಬೇಕಲ್ರಿ. ಓದಾಕ ಕುಂತ್ರ ಲೋಕದ ಖಬರ ಇರಂಗಿಲ್ಲ."

ಬಾಜೂ ಮನಿ ಗೋಪಿಕಾಬಾಯಿ ಕೈ ಜೋಡಿಸಿದ್ರು. "ಹಿಂಗ ತಲ್ಲೀನ ಆಗೂದು ಎಲ್ಲಾರಿಗೂ ಬರತೈತೇನ್ರಿ?"

ಶಾಂತಲಿಂಗಪ್ಪನವರು ತಲಿ ತಗ್ಗಿಸಿದ್ರು. ಮಂದಿ ಅದನ್ನೂ ವಿನಯ ಅಂತ ತಿಳಕೊಂಡ್ರು. ಬಾಯಾಗ ಬಿಸಿ ತುಪ್ಪ, ನುಂಗಾಕೂ ಆಗವಲ್ದು, ಉಗುಳಾಕೂ ಆಗವಲ್ದು. ಅದರಾಗ ಆ ಹೊಗಳಿಕಿ ಒಂದೀಟು ಸಿಹಿನೂ ಹತ್ತಿತ್ತು ನೋಡ್ರಿ, ಅದು ನೆನಪಾದ್ರ ಅವರಿಗೆ ತಮ್ಮ ಮ್ಯಾಲೆ ತಮಗs ಹೇಸಿಕಿ ಬರತಿತ್ತು.

ಗುರುವಾರ ಇಬ್ಬರೂ ಎಸ್‌ಟಿ ಹತ್ತಿ ಗುರುಗಳ ಊರು ಅಕ್ಕಲಕೋಟಕ್ಕ ಹೋದ್ರು. ದರ್ಶನದ ಸಾಲಿನ್ಯಾಗ ತಡವಳ ಊರಿನ ಹೆಣ್ಣಮಗಳೊಬ್ಬಾಕಿ, ಕೈಗೆ ಏನಾತ್ರಿ ಅಂತ ಕೇಳಿದ್ಳು. ಛಾಯಾಬಾಯಿ ಮತ್ತ ಅದ ಕಥಿ ಹೇಳಿದ್ರು. ಆಕಿ ಬಗ್ಗಿ ಶಾಂತಲಿಂಗಪ್ಪನವರ ಕಾಲು ಮುಟ್ಟಿಬಿಟ್ಳು. ಗುರುಗಳ ಬಾಗಲದಾಗ ನಿಂತು ಇದನ್ನೂ ತಗೋಬೇಕಾತಲ್ಲ ಅಂತ ಅವರಿಗೆ ಜೀವ ಹಿಡಿಯಾತು. ಸಾಲು ಬಿಟ್ಟು ಹೊರಗ ಬಂದ್ರು, ದರ್ಶನ ತಗೊಳ್ದs ಸೊಲ್ಲಾಪುರಕ್ಕ ತಿರುಗಿದ್ರು.

ಮರುದಿನ ಪೋಥಿಯ ಅರಿವಿ ಬಿಚ್ಚಲಿಲ್ಲ. ಅದರ ಮರುದಿನಾನೂ ಇಲ್ಲ.

"ನೇಮ ಯಾಕ ಬಿಟ್ರಿ?" ಅಂದ್ರು ಛಾಯಾಬಾಯಿ. ಅವರು ಪೋಥಿ ಮ್ಯಾಲಿನ ಧೂಳ ಒರಸಿದ್ರು. "ಹಂಗಾರ ನಾ ಬಿದ್ದ ದಿನದ ಅಧ್ಯಾಯನs ಓದ್ರಿ, ನಾ ಕೇಳತೀನಿ. ಸಾವಕಾಶ ಓದ್ರಿ."

ಇಷ್ಟು ವರ್ಷದ ಸಂಸಾರದಾಗ ಆಕಿ ಬಾಜೂಕ ಕುಂತು ಕೇಳಿದ್ದು ಇದ ಮೊದಲು. ಶಾಂತಲಿಂಗಪ್ಪನವರು ಒಂದು ಸಾಲು ಓದಿ ತಡದ್ರು, ಅದರ ಅರ್ಥ ಒಳಗ ಇಳದ ಮ್ಯಾಲೆ ಇನ್ನೊಂದು ಸಾಲು. ಗುರುಗಳು ಜಪಕ್ಕ ಕುಂತಿದ್ದಾಗ ಹೊರಗ ಒಬ್ಬ ಮುದುಕಿ ಕರೆದ್ಳಂತ. ಜಪಮಾಲಿ ಅಲ್ಲೆ ಚೆಲ್ಲಿ ಎದ್ದು ಓಡಿದ್ರಂತ. ಎಷ್ಟೋ ಸಲ ದಾಟಿ ಹೋದ ಸಾಲು, ಇವತ್ತ ಕಣ್ಣಿಗೆ ಬಿತ್ತು. ಆ ಸಾಲಿನ ಮ್ಯಾಲೆ ಬೆರಳಿಟ್ಟು ಹೆಂಡತಿ ಕಡೆ ತಿರುಗಿದ್ರು.

"ಛಾಯಾ, ಆವತ್ತ ನನಗ ಕೇಳಿಸಿತ್ತು."

ಛಾಯಾಬಾಯಿ ಪ್ಲಾಸ್ಟರಿನ ಕೈ ತೊಡಿ ಮ್ಯಾಲೆ ಸರಿ ಮಾಡಿ ಇಟ್ಟುಕೊಂಡ್ರು.

"ಗೊತ್ತೈತಿ. ನಾ ಕರೆದ ಕೂಡ್ಲೆ ನಿಮ್ಮ ಓದು ನಿಂತಿತ್ತು. ಬಂದ್ರು ಅನಕೊಂಡೆ. ಆಮ್ಯಾಲೆ ಮತ್ತ ಶುರು ಆತು."

"ಮತ್ತ ಮಂದಿ ಮುಂದ ಯಾಕ ಹಂಗ ಹೇಳಿದಿ?"

"ಮತ್ತೇನ ಹೇಳಬೇಕಿತ್ರಿ? ಕೇಳಿಸಿದ್ರೂ ಬರಲಿಲ್ಲ ಅಂತ ಹೇಳಾಕ ನನಗ ನಾಚಿಕಿ ಆತು."