ನೀಲಿ ಸ್ಟೂಲಿನ ಅಕ್ಕ

ಅಕ್ಕನ ಎತ್ತರ ನಾಲ್ಕು ಅಡಿ ಹತ್ತು ಇಂಚು. ಟೆಕ್ಸಾಸಿನ ಆರಡಿ ಎತ್ತರದ ಗಂಡಸರನ್ನು ನೋಡಿಯೇ ಮಾಡಿಸಿದಂತಿದ್ದ ಸಲೈನ್ ಸ್ಟ್ಯಾಂಡಿನ ಕೊಕ್ಕೆ ಅವರ ಕೈಗೆ ಎಟುಕುತ್ತಿರಲಿಲ್ಲ. ಹಾಗಾಗಿ ಎಡಗೈಯಲ್ಲಿ ಸದಾ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲು, ಹುಬ್ಬಳ್ಳಿಯ ನಮ್ಮ ಬಚ್ಚಲುಮನೆಯಲ್ಲಿ ಇದ್ದಂಥದ್ದೇ. ಅದರ ಮೇಲೆ ಹತ್ತಿ ಸಲೈನ್ ತೂಗುಹಾಕುವರು. ಇಳಿದು ಅದೇ ಸ್ಟೂಲಿನ ಮೇಲೆ ಕೂತು, ಮಲಗಿದವರ ಮುಖಕ್ಕೆ ತಮ್ಮ ಮುಖ ಸಮ ಮಾಡಿಕೊಂಡು ಮಾತಾಡುವರು. ಸ್ಟೂಲು ನೆಲಕ್ಕೆ ತಾಗಿದ ಸದ್ದು ಕೇಳಿದರೆ ಸಾಕು, ನೋವಿನಿಂದ ನರಳುತ್ತಿದ್ದವರೂ ತುಸು ಸುಮ್ಮನಾಗುತ್ತಿದ್ದರು.

ನಾನು ಅವರನ್ನು ಕಂಡದ್ದು ಎರಡು ಸಾವಿರದ ಹದಿನೈದರ ಆಸುಪಾಸು. ನಾನು ಗಂಡನ ಕೆಲಸದ ಹಿಂದೆ ಡಲ್ಲಾಸ್ ಪಕ್ಕದ ಫ್ಲವರ್ ಮೌಂಡಿಗೆ ಬಂದವಳು. ಹತ್ತು ವರ್ಷ ಮಕ್ಕಳನ್ನು ಕಾರಿನಲ್ಲಿ ಅತ್ತಿಂದಿತ್ತ ಸಾಗಿಸಿದ ಮೇಲೆ, ನಲವತ್ತರ ಹೊಸ್ತಿಲಲ್ಲಿ ನರ್ಸಿಂಗ್ ಓದಿ ಪಾಸಾದೆ. ನಮ್ಮ ಕನ್ನಡ ಕೂಟದ ಆಂಟಿಯೊಬ್ಬರು, ಇಷ್ಟು ಓದಿ ಕಡೆಗೆ ಮಂದಿಯ ಮಲಮೂತ್ರ ಬಳಿಯೋದಾ ಎಂದು ಮುಖ ಸಿಂಡರಿಸಿದ್ದೂ ಉಂಟು. ಡಲ್ಲಾಸಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಹೊಸ ನರ್ಸು ಕೆಲವು ತಿಂಗಳು ಹಳಬರೊಬ್ಬರ ಬೆನ್ನ ಹಿಂದೆ ಓಡಾಡಿ ಕಲಿಯಬೇಕು. ಇವಳು ಇನ್ನು ಒಬ್ಬಳೇ ನಿಭಾಯಿಸಬಲ್ಲಳು ಎಂದು ಅವರು ಫಾರ್ಮಿಗೆ ಸಹಿ ಹಾಕಿದ ಮೇಲೆಯೇ ಅವಳ ಕೈಗೆ ರೋಗಿಗಳು. ನನ್ನ ಪಾಲಿಗೆ ಬಂದವರು ಇವರು, ಫಿಲಿಪೈನ್ಸಿನ ಇಲೊಯಿಲೊ ಕಡೆಯವರು. ವಾರ್ಡಿನ ಅರ್ಧ ನರ್ಸುಗಳು ಅವರ ದೇಶದವರೇ; ಅವರೆಲ್ಲ ಇವರನ್ನು ತಮ್ಮ ಭಾಷೆಯಲ್ಲಿ ಅಕ್ಕ ಎನ್ನುತ್ತಿದ್ದರು. ನಾನು ನನ್ನ ಭಾಷೆಯಲ್ಲಿ ಅಕ್ಕ ಎಂದೆ. ಅವರ ಮಾತೆಲ್ಲ ಇಂಗ್ಲಿಷಿನಲ್ಲೇ ಇತ್ತು. ಆದರೆ ನನ್ನ ನೆನಪಿನಲ್ಲಿ ಅದು ಉಳಿದಿರುವುದು ನಮ್ಮ ಮನೆಮಾತಿನಲ್ಲಿ, ನಮ್ಮ ದೊಡ್ಡವ್ವ ಬೈದ ಹಾಗೆ.

ಅವರ ಪಾಠ ಒಂದೇ. ಕೋಣೆಯ ಬಾಗಿಲಲ್ಲಿ ಐದು ಉಸಿರಿನಷ್ಟು ಹೊತ್ತು ನಿಲ್ಲಬೇಕು. "ಮೊದ್ಲ ಕಣ್ಣಿಲೆ ನೋಡು, ಆಮ್ಯಾಲ ಕೈಲೆ ಮುಟ್ಟು. ಮಷಿನ್ ಎಲ್ಲಾದಕ್ಕೂ ಕಡೀಕ." ನಾನೋ ಮಷಿನ್ನಿನ ಭಕ್ತೆ. ನಾಡಿ, ಬಿ.ಪಿ. ತೋರಿಸುವ ಪರದೆಯಲ್ಲಿ ಅಂಕಿ ಹಸಿರಿದ್ದರೆ ನನ್ನ ಜೀವವೂ ತಣ್ಣಗೆ.

ಇಂಥವರಿಗೂ ಒಂದು ಮೂಢನಂಬಿಕೆ ಇತ್ತೆಂದು ಗೊತ್ತಾದದ್ದು ಮೊದಲ ವಾರವೇ. ಅವರಿಗೆ ನನ್ನ ಮೇಲೆ ಒಳ್ಳೆಯ ಅಭಿಪ್ರಾಯ ಮೂಡಲೆಂದು ಡಬ್ಬಿ ತುಂಬ ಶಾವಿಗೆ ಉಪ್ಪಿಟ್ಟು ಒಯ್ದೆ. ಮುಚ್ಚಳ ತೆಗೆದದ್ದೇ ತಡ, ಊಟದ ಕೋಣೆಯಲ್ಲಿದ್ದ ನಾಲ್ವರು ಫಿಲಿಪಿನೋ ನರ್ಸುಗಳು ಹಾವು ಕಂಡವರಂತೆ ಹಿಂದೆ ಸರಿದರು. ಡ್ಯೂಟಿಯ ಮೇಲೆ ನೂಡಲ್ಸ್ ತಿಂದರೆ ರೋಗಿಗಳ ಸಾಲೂ ಅಷ್ಟೇ ಉದ್ದವಾಗುತ್ತದೆ ಎಂಬುದು ಅವರಲ್ಲಿ ಗಟ್ಟಿ ನಂಬಿಕೆಯಂತೆ. ಇದು ನೂಡಲ್ಸ್ ಅಲ್ಲ, ಇದರಲ್ಲಿ ಸಾಸಿವೆ ಕರಿಬೇವು ಇದೆ ಎಂದು ನಾನು ವಾದಿಸಿದೆ. ಅಕ್ಕ ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದು ನೋಡಿ, ಡಬ್ಬಿ ಮುಚ್ಚಿ, ಕಾರಿನಲ್ಲಿ ಇಟ್ಟು ಬರಲು ಕಳಿಸಿದರು. ನಾನು ಮರಳಿ ಬರುವಷ್ಟರಲ್ಲಿ ಎಮರ್ಜೆನ್ಸಿಯಿಂದ ಒಟ್ಟಿಗೆ ಆರು ಮಂದಿ ರೋಗಿಗಳು ನಮ್ಮ ವಾರ್ಡಿಗೆ. ಆ ದಿನ ಯಾರೂ ನನ್ನ ಜೊತೆ ಮಾತಾಡಲಿಲ್ಲ.

ಎಂಟನೆಯ ವಾರ ಅವರ ಊರಿಂದ ಫೋನು ಬಂತು. ಅವರ ಅವ್ವನಿಗೆ ಲಕ್ವಾ ಹೊಡೆದು ಎಡಭಾಗ ಪೂರ್ತಿ ಬಿದ್ದುಹೋಗಿತ್ತು. ಆಕೆ ಹಳ್ಳಿಯ ಸೂಲಗಿತ್ತಿ, ಮೂರು ಹೆಣ್ಣುಮಕ್ಕಳನ್ನೂ ನರ್ಸ್ ಮಾಡಿದವಳು. ಒಬ್ಬಳು ರಿಯಾದಿನಲ್ಲಿ, ಒಬ್ಬಳು ಲಂಡನ್ನಿನಲ್ಲಿ, ಇವರು ಡಲ್ಲಾಸಿನಲ್ಲಿ. ಅಲ್ಲಿಯ ಆಸ್ಪತ್ರೆಯಲ್ಲಿ ವಾರ್ಡು ತುಂಬಿ ತುಳುಕುತ್ತಿದ್ದರೂ ನರ್ಸು ಒಬ್ಬಳೇ, ಉಳಿದವರೆಲ್ಲ ಹೀಗೇ ಹೊರದೇಶ ಸೇರಿದ್ದರು. ಅವ್ವನ ಹಾಸಿಗೆಯ ಪಕ್ಕ ಕೂತಿದ್ದವಳು ಒಬ್ಬ ನೆರೆಮನೆಯ ಹೆಂಗಸು.

ಅಕ್ಕ ರಜೆ ಕೇಳಿದರು. ನಮ್ಮಲ್ಲೂ ನರ್ಸುಗಳು ಸಾಲದೆ ಮೂರು ಜಾಗ ಖಾಲಿ ಬಿದ್ದಿದ್ದವು. ಮ್ಯಾನೇಜರ್ ಕೆಟ್ಟವಳಲ್ಲ, ಲೆಕ್ಕ ಹಾಕಿ ಒಂದು ದಾರಿ ಹುಡುಕಿದಳು. ನಾನು ಒಬ್ಬಳೇ ರೋಗಿಗಳನ್ನು ನೋಡಿಕೊಳ್ಳುವಂತಾದರೆ ಅಕ್ಕ ಅಂದೇ ಹೊರಡಬಹುದು. ಅಂದರೆ ಅವರ ಸಹಿ ಬಿದ್ದ ದಿನವೇ ಅವರಿಗೆ ರಜೆ. ಫಾರ್ಮನ್ನು ತಂದು ಅವರ ಮುಂದೆಯೇ ಇಟ್ಟು ಹೋದಳು.

ಆ ಬೆಳಿಗ್ಗೆ ನನ್ನ ಪಾಲಿಗೆ ಸೊಂಟದ ಆಪರೇಷನ್ ಆದ ಒಬ್ಬ ಮುದುಕ ಇದ್ದ, ದನದ ರ‍್ಯಾಂಚ್ ನಡೆಸಿದವನು, ಬಾಯಿಬಡುಕ. ಅಂಕಿಗಳೆಲ್ಲ ಹಸಿರಿದ್ದವು. ಎಲ್ಲ ಸರಿ ಎಂದು ಬರೆದು ನಾನು ಮುಂದಿನ ಕೋಣೆಗೆ ಹೊರಟೆ. ಬಾಗಿಲಲ್ಲಿ ನಿಂತಿದ್ದ ಅಕ್ಕ ಕದಲಲಿಲ್ಲ. ಎಂದೂ ಬಾಯಿ ಮುಚ್ಚದವನು ಅಂದು ಸುಮ್ಮನೆ ಬೆರಳಿನಿಂದ ಚಾದರ ಹಿಸುಕುತ್ತಿದ್ದ. ಒಳಗೆ ಹೋಗಿ ಅವನ ಪಾದ ಮುಟ್ಟಿದರು, ತಣ್ಣಗಿತ್ತು. ಮರುಕ್ಷಣ ಗೋಡೆಯ ಮೇಲಿನ ತುರ್ತು ಕರೆಯ ಗುಂಡಿ ಒತ್ತಿದರು. ಡಾಕ್ಟರುಗಳು ಓಡಿ ಬರುವಷ್ಟರಲ್ಲಿ ಅಂಕಿ ಇಳಿಯತೊಡಗಿತ್ತು. ಒಳಗೆಲ್ಲೋ ರಕ್ತ ಸೋರುತ್ತಿತ್ತಂತೆ. ಮುದುಕ ಬದುಕಿದ. ಮಷಿನ್ನಿಗಿಂತ ಮೊದಲು ಒಂದು ಮೈಯ ಸಂಕಟ ಓದಿದವರನ್ನು ನಾನು ನೋಡಿದ್ದು ಅದೇ ಮೊದಲು. ಭಯವೂ ಆಯಿತು, ಕೈ ಮುಗಿಯಬೇಕು ಎಂದೂ ಅನ್ನಿಸಿತು.

ಆ ಸಂಜೆ ಡ್ಯೂಟಿ ಮುಗಿದಾಗ ಅವರು ಸ್ಟೂಲಿನ ಮೇಲೆ ಕೂತು ಫಾರ್ಮನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನಾನು, ಸಹಿ ಹಾಕಿ ಅಕ್ಕ, ನಾನು ಹೇಗೋ ನಿಭಾಯಿಸುತ್ತೇನೆ ಎಂದೆ. ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು.

"ಅಲ್ಲೆ ನಮ್ಮವ್ವನ ಹತ್ರ ನರ್ಸ್ ಇಲ್ಲ. ಇಲ್ಲೆ ಇನ್ನೊಬ್ಬರ ಅವ್ವನ ಹತ್ರನೂ ಇಲ್ದಂಗ ಮಾಡಿ ಹೋಗ್ಲೇನು?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮನೆಗೆ ಬಂದು ಅತ್ತುಬಿಟ್ಟೆ. ನನ್ನ ಗಂಡ, "ನಂಗ ಎಲ್ಲಾ ಬರ್ತದ ಅಂತ ಗಟ್ಟಿಯಾಗಿ ಹೇಳಿಬಿಡು, ಪಾಪ ಆಕಿ ಹೋಗ್ಲಿ" ಎಂದರು. ಸಾಫ್ಟ್‌ವೇರಿನವರಿಗೆ ತಪ್ಪಾದರೆ ನಾಳೆ ತಿದ್ದಬಹುದು.

ಮರುದಿನದಿಂದ ನಾನು ಬೇಗ ಹೋಗತೊಡಗಿದೆ. ಪಾರ್ಕಿಂಗಿನಲ್ಲಿ ಅವರ ಕಾರು ಆಗಲೇ ಇರುತ್ತಿತ್ತು. ಬೆಳಗಿನ ಆರೂವರೆ ಎಂದರೆ ಅವರ ಊರಲ್ಲಿ ರಾತ್ರಿ ಊಟದ ಹೊತ್ತು. ಸ್ಟೇರಿಂಗಿಗೆ ಫೋನು ಒರಗಿಸಿ ವಿಡಿಯೊ ಕಾಲ್ ಮಾಡುತ್ತಿದ್ದರು. ಒಂದು ದಿನ ಕಿಟಕಿ ತಟ್ಟಲು ಹೋದವಳು ಹಾಗೇ ನಿಂತೆ. ಪರದೆಯ ಮೇಲೆ ಕಂಡದ್ದು ಅವ್ವನ ಮುಖವಲ್ಲ, ಹಿಮ್ಮಡಿ. ನೆರೆಮನೆಯ ಹೆಂಗಸು ಕಾಲೆತ್ತಿ ತೋರಿಸುತ್ತಿದ್ದಳು. ಅಕ್ಕ ಕಣ್ಣು ಕಿರಿದು ಮಾಡಿ ಆ ಚರ್ಮವನ್ನೇ ನೋಡುತ್ತಿದ್ದರು. ಮಲಗಿದಲ್ಲೇ ಇರುವವರಿಗೆ ಮೊದಲು ಹುಣ್ಣಾಗುವ ಜಾಗ ಅದು. ಅವರ ಭಾಷೆ ನನಗೆ ತಿಳಿಯದು, ಆದರೆ ಕೈ ಆಡಿದ ರೀತಿ ತಿಳಿಯಿತು. ಎಡಕ್ಕೆ ಹೊರಳಿಸು, ಕಾಲ ಕೆಳಗೆ ದಿಂಬು ಕೊಡು, ಎರಡು ತಾಸಿಗೆ ಮತ್ತೆ ಹೊರಳಿಸು. ಹಾಸಿಗೆಯ ಪಕ್ಕದ ಆ ಹೆಂಗಸಿಗೂ ಅವರು ಕಲಿಸುತ್ತಿದ್ದರು, ನನಗೆ ಕಲಿಸಿದ ಹಾಗೆಯೇ. ಮೊದಲು ಬಾಗಿಲಲ್ಲಿ ನಿಂತು ನೋಡು ಎಂದೂ ಹೇಳಿರಬೇಕು. ಫೋನಿಟ್ಟು, ಮುಖ ಒರೆಸಿಕೊಂಡು, ಏಳಕ್ಕೆ ಸರಿಯಾಗಿ ಸ್ಟೂಲು ಹಿಡಿದು ವಾರ್ಡಿನೊಳಗೆ ಬಂದರು. ಆ ದಿನವಿಡೀ ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಹದಿನಾರು ದಿನ ಹೀಗೆ ನಡೆಯಿತು. ಒಮ್ಮೆಯೂ ಅಕ್ಕ ನನಗೆ ಬೇಗ ಕಲಿ ಎನ್ನಲಿಲ್ಲ.

ಹದಿನೇಳನೆಯ ದಿನ ಏಳನೆಯ ಕೋಣೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ. ನಿವೃತ್ತ ಶಾಲಾ ಟೀಚರ್. ತಿಂಡಿಗೆ ಮೊದಲು ತುಟಿಗೆ ಕೆಂಪು ಬಣ್ಣ ಹಚ್ಚದೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಬಾಗಿಲಲ್ಲಿ ನಿಂತೆ, ಐದು ಉಸಿರು. ಲಿಪ್‌ಸ್ಟಿಕ್ ಮುಚ್ಚಳ ಹಾಕಿದಂತೆಯೇ ಮೇಜಿನ ಮೇಲೆ ಬಿದ್ದಿತ್ತು. ಹೋಗಿ ಹಣೆ ಮುಟ್ಟಿದೆ, ಸುಡುತ್ತಿತ್ತು. ನಾನು ಯಾರೆಂದು ಕೇಳಿದರೆ ಅಜ್ಜಿ ಬೇರೆ ಯಾರದೋ ಹೆಸರು ಹೇಳಿದಳು. ಮಷಿನ್ ಕಡೆ ತಿರುಗಿಯೂ ನೋಡದೆ ಡಾಕ್ಟರಿಗೆ ಫೋನು ಮಾಡಿದೆ. ಸೋಂಕು ರಕ್ತಕ್ಕೆ ಏರುತ್ತಿತ್ತು, ಔಷಧ ವೇಳೆಗೆ ಸರಿಯಾಗಿ ಬಿತ್ತು. ತಿರುಗಿ ನೋಡಿದರೆ ಅಕ್ಕ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರು, ತೊಡೆಯ ಮೇಲೆ ಫಾರ್ಮು. ಸಹಿ ಆಗಲೇ ಬಿದ್ದಿತ್ತು.

"ನಾಳೆ ಹೊಂಟೆ. ಸಂಜೀಕ ಶಾವಗಿ ಮಾಡ್ಕೊಂಡು ನಮ್ಮನಿಗೆ ಬಾ. ಅಷ್ಟೊತ್ತಿಗೆ ಡ್ಯೂಟಿ ಮುಗದಿರ್ತದ, ಆಗ ಉದ್ದ ಇದ್ದಷ್ಟ ಛಲೋ" ಎಂದರು.

ಆಗ ಗೊತ್ತಾಯಿತು. ಡ್ಯೂಟಿಯ ಮೇಲೆ ಅಪಶಕುನವಾದ ಅದೇ ನೂಡಲ್ಸನ್ನು ಹುಟ್ಟುಹಬ್ಬದ ದಿನ ಅವರು ಆಯುಷ್ಯಕ್ಕೆಂದು ತಿನ್ನುತ್ತಾರೆ. ಅಂದು ಅವರ ಅವ್ವನ ಹುಟ್ಟುಹಬ್ಬ. ಶಾವಿಗೆಯನ್ನು ಮುರಿಯದೆ ಹುರಿದದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಬಾಣಲೆಯ ತುಂಬ ಸಿಕ್ಕುಬಿದ್ದು, ಉಪ್ಪಿಟ್ಟಿನ ಅಂದವೇ ಕೆಟ್ಟಿತು. ಅವರು ಅದನ್ನು ಎಳೆ ತುಂಡಾಗದಂತೆ ಮೆಲ್ಲಗೆ ಉಂಡರು. ಸ್ಟೂಲನ್ನು ನನ್ನ ಕೈಗಿತ್ತು, ವಾರ್ಡಿನಲ್ಲಿ ಇರಲಿ ಎಂದರು.

ಅಕ್ಕ ಊರು ಮುಟ್ಟಿದ ಮೇಲೆ ಅವರ ಅವ್ವ ಇದ್ದದ್ದು ಒಂಬತ್ತು ದಿನ. ಹತ್ತನೆಯ ದಿನ ಒಂದು ಸಾಲಿನ ಮೆಸೇಜು ಬಂತು: ಅವ್ವ ಹೋದಳು, ಹಿಮ್ಮಡಿಗೆ ಒಂದು ಹುಣ್ಣೂ ಆಗಿರಲಿಲ್ಲ. ಅದನ್ನು ಓದಿ ನಾನು ಅತ್ತಷ್ಟು ನನ್ನ ಸ್ವಂತದವರಿಗೂ ಅತ್ತಿಲ್ಲ. ಅಕ್ಕ ಮರಳಿ ಬರಲಿಲ್ಲ. ಅವರ ಊರಿನ ನರ್ಸಿಂಗ್ ಶಾಲೆಯಲ್ಲಿ ಕಲಿಸುತ್ತಾರೆ. ಕಲಿತವರೆಲ್ಲ ಹೊರದೇಶಕ್ಕೆ ಹಾರಿಹೋಗುತ್ತಾರಲ್ಲ ಎಂದು ಕೇಳಿದ್ದಕ್ಕೆ, ಹೋಗುವವರು ಹೋಗಲಿ, ಅರ್ಧ ಕಲಿತು ಹೋಗಬಾರದು ಎಂದಿದ್ದರು.

ಈಗ ಹೊಸಬರಿಗೆ ಕಲಿಸುವುದು ನಾನು. ನರ್ಸುಗಳು ಇಂದಿಗೂ ಸಾಲುವುದಿಲ್ಲ. ಫಾರ್ಮು ಬೇಗ ಬರುತ್ತದೆ, ಹೊಸಬರು ಪೂರ್ತಿ ಕಲಿಯುವ ತನಕ ನನ್ನ ಪೆನ್ನು ಜೇಬಿನಲ್ಲೇ ಉಳಿಯುತ್ತದೆ. ಒಮ್ಮೆ ತಡೆಯಲಾಗದೆ ಅವರಿಗೆ ಬರೆದೆ. ಅವ್ವನ ಬಳಿ ನೀವಿರಬೇಕಾಗಿದ್ದ ಹದಿನಾರು ದಿನವನ್ನು ನಾನು ಕಸಿದೆ, ಅದನ್ನು ಹೇಗೆ ತೀರಿಸಲಿ ಎಂದು ಕೇಳಿದೆ. ಅವರು ತಿರುಗಿ, ಇವತ್ತು ಎಷ್ಟು ರೋಗಿಗಳು ಎಂದು ಕೇಳಿದರು. ಐದು ಎಂದೆ.

"ಐದೂ ಮಂದೀನ್ನ ಬಾಗಲದಾಗ ನಿಂತು ನೋಡಿದಿ?"

"ನೋಡೇನಿ ಅಕ್ಕ" ಎಂದು ಬರೆದೆ. ನಾನು ಸ್ಟೂಲು ಎತ್ತಿಕೊಂಡು, ಇನ್ನೊಮ್ಮೆ ನೋಡಿ ಬರಲು ಒಂದನೆಯ ಕೋಣೆಯ ಕಡೆಗೆ ನಡೆದೆ.