ದನಿ ಕೊಡುವವರಿಲ್ಲದ ಓಬೇಲೆ

ಒಂದು ಸಾಲು ಹಾಡಿ ಅಜ್ಜಿ ನಿಲ್ಲಿಸಿದರು. ನಾವು ಐದು ಜನ ಮೊಬೈಲ್ ಹಿಡಿದು ಮುಂದಿನ ಸಾಲಿಗೆ ಕಾಯುತ್ತಾ ನಿಂತೆವು. ಅಜ್ಜಿಯೂ ಕಾಯುತ್ತಾ ಕುಳಿತರು, ನಮಗಾಗಿ.

ಉಜಿರೆಯಲ್ಲಿ ಓದುವ ನಮಗೆ ಸಮಾಜಶಾಸ್ತ್ರದ ಮೇಡಂ ‘ಕೃಷಿ ಸಮಾಜ’ದ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದರು. ಹಾಗಾಗಿ ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಹೆಂಗಸರು ಹಾಡುತ್ತಿದ್ದ ಓಬೇಲೆ ಹಾಡನ್ನು ಹುಡುಕಿಕೊಂಡು ಮಡಂತ್ಯಾರಿನ ಈ ಅಜ್ಜಿಯ ಮನೆಗೆ ಬಂದಿದ್ದೆವು.

“ಬಾಯಿ ಬಿಟ್ಟು ನಿಂತದ್ದೆಂತ ಮಗಾ? ಒಬ್ಬಳು ಹೇಳಿದ್ದಕ್ಕೆ ಉಳಿದವರು ದನಿ ಕೊಡಬೇಕು. ಒಬ್ಬಳೇ ಹಾಡಿದರೆ ಅದು ಓಬೇಲೆ ಅಲ್ಲ” ಎಂದರು ಅಜ್ಜಿ, ಬೀಡಿ ಕಟ್ಟುತ್ತಾ.

ಗೆಳೆಯ ನನ್ನನ್ನು ಮುಂದೆ ದೂಡಿದ. “ಪ್ರಿನ್ಸಿಪಾಲರ ಸ್ವರ ತೆಗೀತಿಯಲ್ಲ, ಇದನ್ನೂ ತೆಗಿ ಮಾರಾಯ!”

ಕಾಲೇಜಿನಲ್ಲಿ ನಾನು ಅಣಕಿಸದವರಿಲ್ಲ. ಯಾರೂ ಸಿಗದಿದ್ದರೆ ಕನ್ನಡಿ ಮುಂದೆ ನನ್ನನ್ನೇ ಅಣಕಿಸುವ ಪ್ರಾಣಿ ನಾನು. ಆದರೆ ಉಳಿದವರು ಕೊಡುವ ದನಿಯನ್ನು ಒಮ್ಮೆಯೂ ಕೇಳದೆ ಅಣಕಿಸುವುದು ಹೇಗೆ? ಮೂಗಿನಲ್ಲಿ ಏನೋ ಎಳೆದೆ. ಮಡಿಲಲ್ಲಿದ್ದ ಬೀಡಿ ಎಲೆ ಚೆಲ್ಲುವಷ್ಟು ಅಜ್ಜಿ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

“ದನಿ ಕೊಡಲು, ನನ್ನ ಜೊತೆ ನೇಜಿ ನೆಡುತ್ತಿದ್ದ ಸುಂದರಿ ಒಬ್ಬಳು ಉಳಿದಿದ್ದಳು. ಹೋದ ವರ್ಷ ಅವಳೂ ಹೋದಳು. ಸಾಕು ಮಗಾ, ಮೊಬೈಲ್ ಬಂದ್ ಮಾಡು.”

ಸಂಸ್ಕೃತಿ ಎಂದರೆ ತಲೆಮಾರಿನಿಂದ ತಲೆಮಾರಿಗೆ ಕಲಿತು ಬರುವಂಥದ್ದು ಎಂದು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದವ ನಾನು. ಆ ಸಂಜೆ ಮನೆಗೆ ಬಂದು, ಓಬೇಲೆಗೆ ದನಿ ಕೊಡಲು ಗೊತ್ತುಂಟಾ ಎಂದು ಅಮ್ಮನನ್ನು ಕೇಳಿದೆ. “ನನ್ನ ಅಮ್ಮ ಗದ್ದೆಯಲ್ಲಿ ಹಾಡ್ತಿದ್ದರು. ಆ ಹೊತ್ತಿಗೆ ನಾನು ಶಾಲೆಯಲ್ಲಿ ಇರ್ತಿದ್ದೆ” ಎಂದರು ಅಮ್ಮ.